ಬೋರಿಂಗಿಗೆ ಬಣ್ಣ ಹಚ್ಚಿ ಬಂದ ಮೇಲೆ

ನಮ್ಮ ಕಡೆ ಹಳ್ಳಿಗಳಲ್ಲಿ ನೀರಿನ ಮಾತು ಬಂದರೆ ಹಿಂದೆಯೇ ಜಗಳವೂ ಬರುತ್ತದೆ. ಯಾರ ಕೊಡ ಮುಂದೆ, ಯಾರದು ಹಿಂದೆ, ನಿನ್ನೆ ಯಾರು ಎರಡು ಕೊಡ ಹೆಚ್ಚಿಗೆ ಹಿಡಿದರು, ಇದೇ ಮಾತು. ನೀರು ಬಂತಾ ಎಂದು ಎಲ್ಲರೂ ಕೇಳುತ್ತಾರೆ. ಬಂದ ನೀರು ಎಂಥದು ಎಂದು ಕೇಳುವವರನ್ನು ನಾನಂತೂ ಬಹಳ ಕಂಡಿಲ್ಲ. ನಾನೂ ಕೇಳಿದವನಲ್ಲ.

ನನ್ನ ಹೆಸರು ಶಿವಯೋಗಪ್ಪ. ಕೊಟ್ಟೂರಿನ ಬಜಾರಿನಲ್ಲಿ ಬಣ್ಣ, ಸುಣ್ಣ, ಮೊಳೆ, ಹಗ್ಗ ಮಾರುವ ಅಂಗಡಿ ಇಟ್ಟಿದ್ದೇನೆ. ಬರೆಯುವುದು ನನ್ನ ಕೆಲಸವಲ್ಲ. ಆದರೆ ಕಾಲೇಜಿನಲ್ಲಿ ಎನ್ನೆಸ್ಸೆಸ್ ನೋಡಿಕೊಳ್ಳುವ ಗುರುಬಸವರಾಜ ಮೇಷ್ಟ್ರು ಹೋದ ವಾರ ಅಂಗಡಿಗೆ ಬಂದು ಕೂತರು.

"ಶಿಬಿರದ ಬಗ್ಗೆ ಒಂದು ಕರಪತ್ರ ಮಾಡಾಕ ಹತ್ತೀವಿ. ನೀವು ಬರೀರಿ," ಎಂದರು.

"ನಾನ್ಯಾಕ್ರಿ? ಶಿಬಿರಾನ ಬ್ಯಾಡ ಅಂದಾಂವ ನಾನು," ಎಂದೆ.

"ಅದಕ್ಕ ನೀವ ಬರೀಬೇಕು," ಎಂದರು. ಬರೆದುಕೊಡುತ್ತೇನೆ ಅನ್ನುವವರೆಗೂ ಮೇಲೇಳಲಿಲ್ಲ. ಹೀಗಾಗಿ ಬರೆಯುತ್ತಿದ್ದೇನೆ. ನನ್ನ ತಪ್ಪನ್ನೂ ಬಿಡದೆ ಬರೆಯುತ್ತೇನೆ, ಓದಿ ಬೈದರೂ ಬೈಯಿರಿ.

ಹೋದ ವರ್ಷ, ಎರಡು ಸಾವಿರದ ಒಂದನೇ ಇಸವಿ. ನನ್ನ ಮಗಳು ಪುಷ್ಪಲತಾ ಬಿ.ಎ. ಎರಡನೇ ವರ್ಷ ಓದುತ್ತಿದ್ದಳು. ಸಂಕ್ರಾಂತಿ ಮುಗಿದ ವಾರ ಊಟಕ್ಕೆ ಕೂತಾಗ ಮಾತು ತೆಗೆದಳು.

"ಅಪ್ಪಾ, ಎನ್ನೆಸ್ಸೆಸ್ ಶಿಬಿರ ಐತಿ. ಹತ್ತು ದಿನ. ಹೊಸಹಳ್ಳಿ ಹತ್ರ ಒಂದು ಹಳ್ಳ್ಯಾಗ."

"ಏನ್ ಮಾಡ್ತೀರಿ ಅಲ್ಲಿ ಹತ್ತು ದಿನ?"

"ಶ್ರಮದಾನ. ಶಾಲಿ ಕಾಂಪೌಂಡಿಗೆ ಸುಣ್ಣ ಹಚ್ಚೋದು, ಗಟಾರ ಬಳಿಯೋದು, ಮನಿ ಮನಿಗೆ ಹೋಗಿ ಮಾಹಿತಿ ಬರಕೊಳ್ಳೋದು."

"ಗಟಾರ ಬಳೀಬೇಕಂದ್ರ ನಮ್ಮ ಮನಿ ಮುಂದ ಒಂದು ಐತಲ್ಲ, ಅದನ್ನ ಬಳಿ. ಯಾರದೋ ಊರಿನ ಮಣ್ಣು ಹೊರಾಕ ನಿನ್ನ ಕಾಲೇಜಿಗೆ ಕಳಿಸೀನೇನು?" ಎಂದೆ ನಾನು. ಮಾತಿನಲ್ಲಿ ನಾನು ಸ್ವಲ್ಪ ಖಾರ. ಮನೆಯಲ್ಲಿ ಎಲ್ಲರಿಗೂ ರೂಢಿಯಾಗಿದೆ.

ನನ್ನ ಹೆಂಡತಿ ಕೊಟ್ರಮ್ಮ ರೊಟ್ಟಿ ಬಡಿಯುತ್ತಲೇ ಹೇಳಿದಳು. "ಹೋಗಲಿ ಬಿಡ್ರಿ. ಮೇಡಂನೋರು ಜೊತಿಗೆ ಇರ್ತಾರಂತ. ನಾವಂತೂ ಈ ಬಜಾರ ಬಿಟ್ಟು ಏನೂ ನೋಡಲಿಲ್ಲ, ಆಕಿ ಅರ ನೋಡಲಿ."

ಇಬ್ಬರೂ ಸೇರಿದರೆ ನನ್ನ ಮಾತು ನಡೆಯುವುದಿಲ್ಲ. ಮೇಷ್ಟ್ರು ಕೇಳಿದರೆಂದು ಶಿಬಿರಕ್ಕೆ ಅಂಗಡಿಯಿಂದ ಸುಣ್ಣ, ಒಂದು ಡಬ್ಬಿ ಕೆಂಪು ಬಣ್ಣವನ್ನೂ ಕಳಿಸಿದೆ. ಹೋದಳು. ಹತ್ತು ದಿನ ಬಿಟ್ಟು ಮುಖ ಕಪ್ಪು ಮಾಡಿಕೊಂಡು, ಅಂಗೈ ತುಂಬ ಗುಳ್ಳೆ ಎಬ್ಬಿಸಿಕೊಂಡು ಬಂದಳು. ಆದರೆ ಆಕೆಯ ಬಾಯಿ ಮಾತ್ರ ಎರಡು ದಿನ ಮುಚ್ಚಲಿಲ್ಲ. ಆ ಊರಿನಲ್ಲಿ ಮೂರು ಕಡೆಯ ನೀರನ್ನು ಬಾಟಲಿಯಲ್ಲಿ ತುಂಬಿ ಬಳ್ಳಾರಿಗೆ ಪರೀಕ್ಷೆಗೆ ಕಳಿಸಿದ್ದರಂತೆ. ಬೇವಿನ ಗಿಡದ ಹತ್ತಿರದ ಬೋರಿಂಗಿನ ನೀರಿನಲ್ಲಿ ಫ್ಲೋರೈಡ್ ಎಂಬುದು ಇರಬೇಕಾದ್ದಕ್ಕಿಂತ ಬಹಳ ಇದೆ ಎಂದು ಬಂತಂತೆ. ಬೋರಿಂಗ್ ಎಂದರೆ ಗೊತ್ತಲ್ಲ, ನಾವು ಕೈಯಿಂದ ಒತ್ತುವ ಪಂಪು.

"ಆ ನೀರು ಕುಡೀಬಾರದು ಅಂತ ಊರಿನೋರಿಗೆ ಗೊತ್ತಾಗಲಿ ಅಂತ ಕೊನೀ ದಿನ ಬೋರಿಂಗಿಗೆ ಕೆಂಪು ಬಣ್ಣ ಹಚ್ಚಿದ್ವಿ ಅಪ್ಪಾ. ನೀನು ಕಳಿಸಿದ ಡಬ್ಬೀನ ಅದು. ನಾನ ಹಚ್ಚಿದೆ, ಕೆಳಗಿನಿಂದ ಹಿಡಿಕಿತನ," ಎಂದಳು.

"ಆತು ಬಿಡು. ಸರ್ಟಿಫಿಕೇಟ್ ಯಾವಾಗ ಕೊಡ್ತಾರ?" ಎಂದು ಕೇಳಿದೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಒಂದು ತಿಂಗಳಿಗೆ ಸರ್ಟಿಫಿಕೇಟ್ ಬಂತು. ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದೆ. ಅಲ್ಲಿಗೆ ಶಿಬಿರದ ಮಾತು ಮುಗಿಯಿತು ಎಂದುಕೊಂಡೆ.

ಮಾರ್ಚ್ ತಿಂಗಳ ಒಂದು ಗುರುವಾರ. ಕೊಟ್ಟೂರಿನಲ್ಲಿ ಸಂತೆ. ಅಂಗಡಿಗೆ ಒಬ್ಬ ಹಿರಿಯ ಹೆಂಗಸು ಬಂದಳು. ಕಂಕುಳಲ್ಲಿ ಐದಾರು ತಿಂಗಳ ಹೆಣ್ಣು ಕೂಸು, ಪಕ್ಕದಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗಿ. ನಡೆಯುವಾಗ ಆಕೆಗೆ ಸೊಂಟ ನೆಟ್ಟಗೆ ಎತ್ತಲು ಆಗುತ್ತಿರಲಿಲ್ಲ. ಉಚ್ಚಂಗೆಮ್ಮ ಅಂತ ಹೆಸರು, ಊರು ಹೊಸಹಳ್ಳಿಯ ಹತ್ತಿರ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆ ಊರಿಗೆ ಹೆಣ್ಣು ಕೊಡಲು, ಅಲ್ಲಿಂದ ತರಲು ಜನ ಹಿಂದೆಮುಂದೆ ನೋಡಬಾರದಲ್ಲ.

"ಸಾವ್ಕಾರ್ರ, ಕೆಂಪು ಬಣ್ಣ ಕೊಡ್ರಿ. ಬಾಗಿಲಿಗೆ ಹಚ್ಚಬೇಕು," ಎಂದಳು.

"ಎಂಥಾ ಕೆಂಪು ಯವ್ವಾ? ಎರಡು ಮೂರು ನಮೂನಿ ಅದಾವ."

"ನಮ್ಮೂರ ಬೋರಿಂಗಿಗೆ ಕಾಲೇಜ್ ಹುಡುಗ್ರು ಹಚ್ಚ್ಯಾರಲ್ರಿ, ಅಂಥಾದ್ದು. ಕೊಟ್ಟೂರಿನಿಂದ ತಂದಿದ್ದು ಅಂದ್ರು. ಬಾಳ ಚಲೋ ಐತಿ, ಕುಂಕುಮ ಇದ್ದಂಗ ಐತಿ."

ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತು. ಡಬ್ಬಿ ತೆಗೆಯುತ್ತ ಸುಮ್ಮನೆ ಕೇಳಿದೆ. "ಆ ಬೋರಿಂಗ್ ಈಗ ಹೆಂಗೈತಿ?"

"ಹೆಂಗೈತಿ ಅಂದ್ರ? ಮೊದಲು ತುಕ್ಕು ಹಿಡಿದಿತ್ರಿ. ಅರ್ಧ ಮಂದಿ ಅತ್ಲಾಗ ಕರಿಸಿದ್ದಪ್ಪನ ಹೊಲದ ಬಾವಿಗೆ ಹೋಗ್ತಿದ್ರು. ಈಗ ಸರಕಾರದೋರು ಆ ಹುಡುಗ್ರ ಕೈಲೆ ರಿಪೇರಿ ಮಾಡಿಸಿ ಬಣ್ಣ ಹಚ್ಚಿಸ್ಯಾರ ಅಂತ ಎಲ್ಲಾರೂ ಅಲ್ಲೇ ಹಿಡಿತಾರ. ಕುಡ್ಯಾಕ, ಅಡಿಗಿಗೆ, ಎಲ್ಲಾ ಅದ. ನನ್ನ ಸೊಸಿ ಬಾಣಂತಿ, ಗಂಗಿ ಪೂಜೀನೂ ಅಲ್ಲೇ ಮಾಡಿಸಿದ್ವಿ. ಈ ಕೂಸಿಗೆ ಕಾಸಿ ಆರಿಸಿ ಕುಡಿಸೋದೂ ಅದ ನೀರು."

ತೆಗೆದ ಡಬ್ಬಿಯನ್ನು ಮತ್ತೆ ಕೆಳಗಿಟ್ಟೆ. ಬಾಣಂತಿ ಎದ್ದು ಓಡಾಡಲು ಶುರುವಾದಾಗ ಬಾವಿಗೆ ಅರಿಸಿನ ಕುಂಕುಮ ಏರಿಸಿ ಗಂಗಮ್ಮನನ್ನು ಪೂಜಿಸುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. ಕೆಂಪು ಎಂದರೆ ನಮ್ಮ ಹೆಂಗಸರಿಗೆ ಮಂಗಳ. ಕೆಂಪು ಬಳೆ, ಕೆಂಪು ಕುಂಕುಮ, ಕುಪ್ಪಸದ ಕೆಂಪು ಕಣ. ಅಪಾಯಕ್ಕೆ ಕೆಂಪು ಎನ್ನುವುದು ಪುಸ್ತಕ ಓದಿದವರ ಲೆಕ್ಕ. ನನ್ನ ಮಗಳು ಕುಡಿಯಬೇಡಿ ಎಂದು ಹಚ್ಚಿದ ಬಣ್ಣ ನೋಡಿ ಇಡೀ ಊರು ಕುಡಿಯಲು ಓಡಿಬಂದಿತ್ತು.

ಹುಡುಗಿಗೆ ಒಂದು ಪೆಪ್ಪರಮಿಂಟು ಕೊಟ್ಟೆ. "ಏನವ್ವಾ ನಿನ್ನ ಹೆಸರು?" ಎಂದೆ. "ಕೋಮಲಾ," ಎಂದು ನಕ್ಕಳು. ನಕ್ಕಕೂಡಲೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಮುಚ್ಚುವಷ್ಟರಲ್ಲಿ ನಾನು ಕಂಡಿದ್ದೆ. ಮುಂದಿನ ಹಲ್ಲುಗಳ ಮೇಲೆಲ್ಲ ಕಂದು ಗೆರೆ, ಅಲ್ಲಲ್ಲಿ ತೂತು.

ಆಗಲೇ ಹೇಳಬೇಕಿತ್ತು. ಯವ್ವಾ, ಆ ನೀರು ಕುಡಿಸಬೇಡ, ಅಷ್ಟೇ ಸಾಕಿತ್ತು. ನಾನು ಹೇಳಲಿಲ್ಲ. ಯಾಕೆ ಎಂದರೆ, ಬರುವ ಭಾನುವಾರ ಹರಪನಹಳ್ಳಿಯಿಂದ ಮಗಳನ್ನು ನೋಡಲು ಗಂಡಿನ ಕಡೆಯ ಬೀಗರು ಬರುವವರಿದ್ದರು. ಹಳ್ಳಿಯಲ್ಲಿ ಮಣ್ಣು ಹೊತ್ತ ಹುಡುಗಿ ಎಂದು ಅವರ ಕಿವಿಗೆ ಬೀಳಬಾರದೆಂದು ನಾನು ಶಿಬಿರದ ಮಾತನ್ನೇ ಎತ್ತಿರಲಿಲ್ಲ. ಈಗ ಈಕೆಗೆ ಹೇಳಿದರೆ ಊರಿನವರು ಕಾಲೇಜಿಗೇ ಬರುತ್ತಾರೆ, ಸುದ್ದಿ ಕೇಳಿ ಮಗಳು ಆ ಊರಿಗೆ ಓಡುತ್ತಾಳೆ ಎಂದು ನನಗೆ ಗೊತ್ತಿತ್ತು. ಬೀಗರು ಬಂದು ಹೋಗಲಿ, ಆಮೇಲೆ ನೋಡೋಣ ಎಂದುಕೊಂಡೆ. ಡಬ್ಬಿ ಕಟ್ಟಿಕೊಟ್ಟೆ. ಆಕೆ "ಬರ್ತೀನ್ರಿ ಸಾವ್ಕಾರ್ರ," ಎಂದು ಕೂಸನ್ನು ಎತ್ತಿಕೊಂಡು ಹೋದಳು.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತೆ. ಕೊಟ್ರಮ್ಮ ತಂಬಿಗೆಯಲ್ಲಿ ನೀರು ತಂದಿಟ್ಟಳು. ಕುಡಿಯಲು ಆಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಆಕೆ ರೊಟ್ಟಿ ಬಡಿಸುವುದನ್ನು ನಿಲ್ಲಿಸಿದಳು. "ನಿಮಗ ಬಾಯಿ ಇರಲಿಲ್ಲೇನ್ರಿ?" ಎಂದಳು. "ಗುರುವಾರದಿಂದ ಇವತ್ತಿನತನ ಆ ಕೂಸು ಎಷ್ಟು ಸಲ ನೀರು ಕುಡಿದೈತಿ? ನಮ್ಮ ಮೊಮ್ಮಗಳಾಗಿದ್ರ ಸುಮ್ನಿರ್ತಿದ್ರೇನು?"

ಪುಷ್ಪಲತಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಒಳಗೆ ಬಂದು ನನ್ನೆದುರಿಗೆ ಕೂತಳು.

"ಅಪ್ಪಾ, ಆ ಬಣ್ಣ ಹಚ್ಚಿದಾಕಿ ನಾನು," ಎಂದಳು.

"ನಿಂದೇನು ತಪ್ಪು? ಮೈಕಿನಾಗ ಹೇಳಿರಬೇಕಲ್ಲ?"

"ಹೇಳಿದ್ವಿ. ಸಮಾರೋಪದ ದಿನ. 'ಗ್ರಾಮದ ಜಲಮೂಲವೊಂದರಲ್ಲಿ ಫ್ಲೋರೈಡ್ ಅಂಶವು ನಿಗದಿತ ಪ್ರಮಾಣವನ್ನು ಮೀರಿರುವುದು ಕಂಡುಬಂದಿದೆ' ಅಂತ ನಾನ ಓದಿದೆ. ಮುಂದ ಕುಂತಿದ್ದೋರು ಬರೇ ಗಂಡಸರು. ಹೆಣ್ಮಕ್ಕಳೆಲ್ಲ ಹೊಲದಾಗಿದ್ರು. ಚಪ್ಪಾಳಿ ಹೊಡದ್ರು, ಹಾರ ಹಾಕಿದ್ರು, ನಾವು ಲಾರಿ ಹತ್ತಿ ಬಂದ್ವಿ. ಒಬ್ಬರನ್ನೂ ಕೇಳಲಿಲ್ಲ ಅಪ್ಪಾ, ಈ ಬಣ್ಣ ನೋಡಿದ್ರ ನಿಮಗ ಏನ್ ಅನಸ್ತೈತಿ ಅಂತ."

"ಸರಿ, ಬೀಗರು ಬಂದು ಹೋಗಲಿ. ಸೋಮವಾರ..."

"ನಾಳೆ ಹೋಗ್ತೀನಿ," ಎಂದಳು. ಕೇಳಿದ್ದಲ್ಲ, ಹೇಳಿದ್ದು.

ನಾನು ಎದ್ದು ಮಗಳನ್ನು ಕರೆದುಕೊಂಡು ಎಸ್.ಟಿ.ಡಿ. ಬೂತಿಗೆ ಹೋದೆ. ಹರಪನಹಳ್ಳಿಗೆ ಫೋನ್ ಹಚ್ಚಿ, "ಈ ವಾರ ಬ್ಯಾಡ್ರಿ, ಒಂದು ಕೆಲಸ ಬಂದೈತಿ," ಎಂದೆ. ಏನು ಕೆಲಸ ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೇಸರ ಮಾಡಿಕೊಂಡರು, ಆ ಮಾತು ಅಲ್ಲಿಗೇ ನಿಂತಿತು. ಮತ್ತೆ ಅವರು ಬರಲಿಲ್ಲ, ನಾನೂ ಕರೆಯಲಿಲ್ಲ.

ಅಲ್ಲಿಂದ ನೇರ ಗುರುಬಸವರಾಜ ಮೇಷ್ಟ್ರ ಮನೆಗೆ ಹೋದೆವು. ಅವರು ಸುದ್ದಿ ಕೇಳಿ ತಲೆ ಮೇಲೆ ಕೈಯಿಟ್ಟುಕೊಂಡರು.

"ತಪ್ಪು ಹುಡುಗೀದಲ್ರಿ, ನಂದು," ಎಂದರು. "ದಿನಾ ಸಂಜಿಕ ಅರ್ಧ ತಾಸು ಎಲ್ಲಾರೂ ಕುಂತು ಮಾತಾಡಬೇಕು ಅಂತ ಐತಿ. ಇವತ್ತ ಏನ್ ಮಾಡಿದ್ವಿ, ಯಾರನ್ನ ಕೇಳಿ ಮಾಡಿದ್ವಿ, ಅದರಿಂದ ನಾವೇನ್ ಕಲತ್ವಿ ಅಂತ ಡೈರ್‍ಯಾಗ ಬರೀಬೇಕು. ನಾನು ಹಾಡು, ನಾಟಕದ ತಾಲೀಮು ಮಾಡಸ್ತಾ ಅದನ್ನ ಬಿಟ್ಟುಬಿಟ್ಟೆ. ಕೆಲಸ ಮಾಡಿದ್ವಿ, ಕಲೀಲಿಲ್ಲ."

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆವು. ಮೇಷ್ಟ್ರು, ಪುಷ್ಪಲತಾ, ಆಕೆಯ ಜೊತೆ ಓದುವ ಐದಾರು ಜನ, ಮತ್ತೆ ನಾನು. ನಾನು ಯಾಕೆ ಹೋದೆ ಎಂದು ಕೇಳಬೇಡಿ. ಮನೆಯಲ್ಲಿ ಕೂರಲು ಮುಖವಿರಲಿಲ್ಲ.

ಬೇವಿನ ಗಿಡದ ಕೆಳಗೆ ಬೋರಿಂಗು ಕೆಂಪಗೆ ಹೊಳೆಯುತ್ತಿತ್ತು. ಮೇಲೆ ಅರಿಸಿನ ಕುಂಕುಮ, ಹಿಡಿಕೆಗೆ ಒಣಗಿದ ಹೂವಿನ ಎಳೆ. ಮುಂದೆ ಇಪ್ಪತ್ತು ಕೊಡಗಳ ಸಾಲು. ಉಚ್ಚಂಗೆಮ್ಮ ಅಲ್ಲೇ ಇದ್ದಳು, ನನ್ನನ್ನು ಗುರುತು ಹಿಡಿದು, "ಅಯ್ಯ, ಸಾವ್ಕಾರ್ರು ಬಂದಾರ," ಎಂದಳು.

ಮೇಷ್ಟ್ರು ಮಾತಿಗೆ ಶುರುಮಾಡಲು ಹೋದರು. ಪುಷ್ಪಲತಾ ಅವರನ್ನು ತಡೆದಳು. ಭಾಷಣಕ್ಕೆ ನಿಂತವರ ಹಾಗೆ ನಿಲ್ಲದೆ, ಹೆಂಗಸರ ನಡುವೆ ಹೋಗಿ ಕಟ್ಟೆಯ ಮೇಲೆ ಕೂತಳು.

"ಅಜ್ಜಿ, ನಾವೊಂದು ತಪ್ಪು ಮಾಡೀವಿ. ಈ ನೀರು ಕುಡೀಬಾರದು. ಕುಡೀಬಾರದು ಅಂತ ತಿಳೀಲಿ ಅಂತನ ಈ ಬಣ್ಣ ಹಚ್ಚಿದ್ದು."

ಇಬ್ಬರು ನಕ್ಕರು. ಉಚ್ಚಂಗೆಮ್ಮ ನಗಲಿಲ್ಲ.

"ಕುಡೀಬಾರದ್ದಕ್ಕ ಯಾರರ ಕುಂಕುಮದ ಬಣ್ಣ ಹಚ್ತಾರೇನ ತಂಗಿ?" ಎಂದಳು. "ನಮ್ಮನ್ನ ಒಂದು ಮಾತು ಕೇಳಾಕ ಏನಾಗಿತ್ತು ನಿಮಗ? ಹತ್ತು ದಿನ ಇದ್ರೆಲ್ಲ, ನಮ್ಮ ಮನ್ಯಾಗ ಎಷ್ಟು ಮಂದಿ, ಎಷ್ಟು ಆಡು, ಎಷ್ಟು ಕೋಳಿ ಅಂತ ಎಲ್ಲಾ ಬರಕೊಂಡ್ರಿ. ಇದೊಂದು ಕೇಳಲಿಲ್ಲ."

"ಕೇಳಬೇಕಿತ್ತು ಅಜ್ಜಿ. ಕೇಳಲಿಲ್ಲ," ಎಂದಳು ಪುಷ್ಪಲತಾ. ನೆಪ ಹೇಳಲಿಲ್ಲ. ಆ ಹೊತ್ತು ನನ್ನ ಮಗಳ ಮೇಲೆ ನನಗೆ ಬಹಳ ಅಭಿಮಾನ ಬಂತು.

"ಏನೈತಿ ನೀರಾಗ? ಸ್ವಚ್ಛ ಐತಲ್ಲ, ಹಾಲಿನಂಗ ಬರ್ತೈತಿ," ಎಂದು ಇನ್ನೊಬ್ಬಾಕೆ ಕೇಳಿದಳು.

"ನೆಲದೊಳಗಿನ ಕಲ್ಲಿನಿಂದ ಇಳಿದು ನೀರಿಗೆ ಕೂಡ್ತೈತಿ ಅಕ್ಕಾ. ಫ್ಲೋರೈಡ್ ಅಂತಾರ. ಕಣ್ಣಿಗೆ ಕಾಣಂಗಿಲ್ಲ, ನಾಲಿಗಿಗೆ ಗೊತ್ತಾಗಂಗಿಲ್ಲ. ಕಾಸಿದ್ರ ಹೋಗಂಗಿಲ್ಲ, ಬಟ್ಟಿಲೆ ಸೋಸಿದ್ರೂ ಹೋಗಂಗಿಲ್ಲ. ಸಣ್ಣ ಮಕ್ಕಳ ಹಲ್ಲು ಇನ್ನೂ ವಸಡಿನೊಳಗ ಇದ್ದಾಗನ ಕೆಡಸ್ತೈತಿ. ದೊಡ್ಡೋರಿಗೆ ಬರಬರ್ತಾ ಎಲುಬು, ಕೀಲು ಹಿಡಿತಾವು."

ಉಚ್ಚಂಗೆಮ್ಮ ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳನ್ನು ನೋಡಿದಳು. ಕೋಮಲಾ ಆಗಲೇ ಬಾಯಿ ಮುಚ್ಚಿಕೊಂಡಿದ್ದಳು.

"ಹಲ್ಲು ನೆಟ್ಟಗ ತಿಕ್ಕಂಗಿಲ್ಲ ಅಂತ ಈಕಿಗೆ ಎಷ್ಟು ಹೊಡದೀನಿ ನಾನು," ಎಂದಳು ಉಚ್ಚಂಗೆಮ್ಮ. "ಇದ್ದಲಿ ತಗೊಂಡು ತಿಕ್ಕಿ ತಿಕ್ಕಿ ರಕ್ತ ಬರಂಗ ಮಾಡೀನಿ. ಸಾಲ್ಯಾಗ ಹುಡುಗ್ರು ನಗ್ತಾರ ಅಂತ ಈಕಿ ಅತ್ರೂ ಈಕಿಗೇ ಬೈದೀನಿ."

ಆಕೆಯ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಸುಳ್ಳು ಯಾಕೆ ಹೇಳಲಿ. ಆಗ ನಾನೂ ಬಾಯಿಬಿಟ್ಟೆ.

"ಯವ್ವಾ, ಗುರುವಾರ ನೀನು ಅಂಗಡಿಗೆ ಬಂದಾಗ ನನಗ ಗೊತ್ತಿತ್ತು. ನಾನು ಹೇಳಲಿಲ್ಲ. ನನ್ನ ಸ್ವಾರ್ಥಕ್ಕ ಸುಮ್ನಿದ್ದೆ. ತಪ್ಪಾತು."

ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಬಂದೀರಲ್ಲ ಈಗ," ಎಂದಳು. ಅಷ್ಟೇ.

ಆಮೇಲೆ ಪುಷ್ಪಲತಾ ಕೇಳಿದಳು. "ಹಂಗಾರ ಈಗ ಏನ್ ಮಾಡಿದ್ರ ಎಲ್ಲಾರಿಗೂ ತಿಳಿತೈತಿ? ನೀವ ಹೇಳ್ರಿ." ಹೆಂಗಸರು ತಮ್ಮ ತಮ್ಮಲ್ಲೇ ಗುಸುಗುಸು ಮಾತಾಡಿಕೊಂಡರು. ಮುಳ್ಳು ಕಂಟಿ ಹಚ್ಚೋಣ ಎಂದಳು ಒಬ್ಬಾಕೆ. ಬೇಡ, ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು ನೀರು ಬೇಕು ಎಂದಳು ಇನ್ನೊಬ್ಬಾಕೆ. ಕೊನೆಗೆ ಉಚ್ಚಂಗೆಮ್ಮನೇ ಮನೆಗೆ ಹೋಗಿ ಸವೆದುಹೋದ ಒಂದು ಹಳೇ ಪರಕೆ ತಂದಳು. ಬೋರಿಂಗಿನ ಕುಂಕುಮವನ್ನು ಕೈಯಿಂದ ಒರೆಸಿದಳು, ಒಣಗಿದ ಹೂವು ತೆಗೆದಳು, ಪರಕೆಯನ್ನು ಹಿಡಿಕೆಗೆ ಬಿಗಿಯಾಗಿ ಕಟ್ಟಿದಳು.

"ಕಸ ಹೊಡೆಯೋ ಪರಕಿ ಕೆಳಗ ಯಾವ ಹೆಣಮಗಳೂ ಕುಡಿಯೋ ನೀರಿನ ಕೊಡ ಇಡಂಗಿಲ್ಲ," ಎಂದಳು. "ಬಟ್ಟಿ ಒಗ್ಯಾಕ ಬೇಕಾದ್ರ ಹಿಡೀತಾರ. ಓದಾಕ ಬರದೋರಿಗೂ ತಿಳಿತೈತಿ, ಬ್ಯಾರೆ ಊರಿಂದ ಬಂದೋರಿಗೂ ತಿಳಿತೈತಿ."

ಮೇಷ್ಟ್ರು ಡೈರಿ ತೆಗೆದು ಅದನ್ನು ಬರೆದುಕೊಂಡರು. ಕಾಲೇಜಿನ ಹುಡುಗರೂ ಬರೆದುಕೊಂಡರು. ಬಳ್ಳಾರಿಯ ಪರೀಕ್ಷೆಯವರೂ ಹೇಳದ ಪಾಠವನ್ನು ಅಕ್ಷರ ಬಾರದ ಒಬ್ಬ ಹೆಣ್ಣುಮಗಳು ಹೇಳಿಕೊಟ್ಟಿದ್ದಳು.

ಆದರೆ ಪರಕೆ ಕಟ್ಟಿದರೆ ಮುಗಿಯಿತೇ? ಕುಡಿಯಲು ನೀರೆಲ್ಲಿ? ಕರಿಸಿದ್ದಪ್ಪನ ಹೊಲದ ಬಾವಿಯ ನೀರು ಪರೀಕ್ಷೆಯಲ್ಲಿ ಚೆನ್ನಾಗಿದೆ ಎಂದೇ ಬಂದಿತ್ತು.

"ಅಲ್ಲಿಗ್ಯಾಕ ಹೋಗಂಗಿಲ್ಲ ಅಜ್ಜಿ?" ಎಂದು ಪುಷ್ಪಲತಾ ಕೇಳಿದಳು. ಶಿಬಿರದ ಹತ್ತು ದಿನದಲ್ಲಿ ಕೇಳದ ಪ್ರಶ್ನೆ ಇದು.

"ಹೋಗಬೇಕಂದ್ರ ಶೇಂಗಾ ಬೆಳಿ ತುಳಕೊಂಡು ಹೋಗಬೇಕು. ದಿನಾ ಅವರ ಮನಿ ಮುಂದ ನಿಂತು, ಬರ್ಲೇನ್ರಿ ಅಂತ ಕೇಳಬೇಕು. ಎಷ್ಟು ದಿನ ಅಂತ ಕೇಳೋದು? ಬೋರಿಂಗಿಗೆ ಯಾರನ್ನೂ ಕೇಳೋಹಂಗಿಲ್ಲ."

ಕರಿಸಿದ್ದಪ್ಪ ನನ್ನ ಅಂಗಡಿಯ ಹಳೆಯ ಗಿರಾಕಿ. ನಾನೂ ಉಚ್ಚಂಗೆಮ್ಮನೂ ಅವನ ಮನೆಗೆ ಹೋದೆವು. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

"ಬರ್ರಿ ಶಿವಯೋಗಪ್ನೋರ. ಏನು, ಇಲ್ಲಿತನ?"

ವಿಷಯ ಹೇಳಿದೆ. ಅವನು ಉಚ್ಚಂಗೆಮ್ಮನ ಕಡೆ ತಿರುಗಿದ. "ನಾನು ಯಾವತ್ತರ ಬರಬ್ಯಾಡ ಅಂದೀನೇನು ನಿನಗ?"

"ಬಾ ಅಂತನೂ ಅಂದಿಲ್ರಿ," ಎಂದಳು ಆಕೆ.

ಕರಿಸಿದ್ದಪ್ಪ ಅಗಿಯುವುದನ್ನು ನಿಲ್ಲಿಸಿದ. ಒಳಗಿನಿಂದ ಅವನ ಮೊಮ್ಮಗ ಓಡಿಬಂದು ತೊಡೆ ಏರಿದ, ಅವನ ಹಲ್ಲೂ ಅಂಥವೇ. ಈ ಮನೆಯ ಹೆಂಗಸರೂ ಹೊಲದ ತನಕ ನಡೆಯುವುದು ಯಾಕೆಂದು ಬೋರಿಂಗಿನ ನೀರನ್ನೇ ತರುತ್ತಿದ್ದರಂತೆ. ಅವನು ಮಗುವಿನ ಗಲ್ಲ ಹಿಡಿದು ಬಾಯಿ ತೆರೆಸಿ ನೋಡಿದ. "ಬದುವಿನ ಮ್ಯಾಲೆ ದಾರಿ ಮಾಡಕೊಳ್ರಿ. ಬೆಳಿ ತುಳಿಯೋದು ತಪ್ತೈತಿ. ಯಾರೂ ನನ್ನ ಕೇಳೋದು ಬ್ಯಾಡ, ಎಲ್ಲಾರೂ ಬರ್ರಿ," ಎಂದ.

ಆಮೇಲಿನದು ಶ್ರಮದಾನ. ಈ ಸಲ ನಿಜವಾದ ಶ್ರಮದಾನ. ಕಾಲೇಜಿನ ಹುಡುಗರು ಏಳು ಭಾನುವಾರ ಹೋದರು. ಪರೀಕ್ಷೆ ಹತ್ತಿರವಿದ್ದಾಗ ಬಸ್ಸಿನಲ್ಲೇ ಓದಿಕೊಂಡರು. ಊರಿನವರೂ ಸಲಿಕೆ ತಂದರು. ಮೊದಲ ಶಿಬಿರದಲ್ಲಿ ಊರಿನವರು ಕಟ್ಟೆ ಮೇಲೆ ಕೂತು ಇವರು ಗಟಾರ ಬಳಿಯುವುದನ್ನು ನೋಡಿದ್ದರಂತೆ. ಈಗ ಬದುವಿನ ಮೇಲೆ ಇಬ್ಬರು ಎದುರುಬದುರು ದಾಟುವಷ್ಟು ಅಗಲದ ದಾರಿ ಆಯಿತು. ಬಾವಿಯ ಹೂಳು ತೆಗೆದರು, ರಾಟೆ ಹಾಕಿಸಿದರು. ಹಗ್ಗ ನನ್ನ ಅಂಗಡಿಯದು. ಬಾವಿಯೊಳಗೆ ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕು ಎಂದು ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕೇಳಿಯೇ ಹಾಕಿದರು. ಬೋರಿಂಗಿನ ವರದಿಯನ್ನು ಹಿಡಿದು ಪಂಚಾಯಿತಿಗೂ ಹೋದರು. ಊರಿಗೆ ಒಳ್ಳೆಯ ನೀರಿನ ನಲ್ಲಿ ಬೇಕೆಂಬ ಅರ್ಜಿಗೆ ಮೊದಲು ಹೆಬ್ಬೆಟ್ಟು ಒತ್ತಿದವಳು ಉಚ್ಚಂಗೆಮ್ಮ. ಆ ಅರ್ಜಿ ಇನ್ನೂ ಓಡಾಡುತ್ತಿದೆ, ಅದರ ಹಿಂದೆ ಈ ಹುಡುಗರೂ ಓಡಾಡುತ್ತಿದ್ದಾರೆ.

ಈ ನಡುವೆ ನನ್ನ ಮಗಳಲ್ಲಿ ಒಂದು ಬದಲಾವಣೆ ಕಂಡೆ. ಮೊದಲು ಏನೇ ಕೇಳಿದರೂ ಪಟಪಟನೆ ಉತ್ತರ ಹೇಳುತ್ತಿದ್ದಳು. ಈಗ ಮೊದಲು ಕೇಳುತ್ತಾಳೆ, ಆಮೇಲೆ ಹೇಳುತ್ತಾಳೆ. ಇದನ್ನು ಯಾವ ಪುಸ್ತಕದಿಂದ ಕಲಿತೆ ಎಂದರೆ ನಗುತ್ತಾಳೆ.

ಏಳನೆಯ ಭಾನುವಾರ ಸಂಜೆ. ಹುಡುಗರೆಲ್ಲ ಕೈಕಾಲು ತೊಳೆದು ಹೊರಟಿದ್ದರು. ಕೋಮಲಾ ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ಪುಷ್ಪಲತಾಳ ಹತ್ತಿರ ಬಂದಳು. ಬಹಳ ಹೊತ್ತು ಏನೋ ಕೇಳಬೇಕೆಂದು ನಿಂತವಳ ಹಾಗೆ ನಿಂತು, ಕೊನೆಗೆ ಕೇಳಿದಳು.

"ಅಕ್ಕಾ, ಇನ್ನ ಮ್ಯಾಲೆ ಬಾವಿ ನೀರು ಕುಡಿದ್ರ ನನ್ನ ಹಲ್ಲು ಬೆಳ್ಳಗಾಗ್ತಾವೇನು?"

ನಾನು ಪಕ್ಕದಲ್ಲೇ ಇದ್ದೆ. ಮಗುವಿನ ಮನಸ್ಸಿಗೆ ಹೂಂ ಎಂದುಬಿಡಲಿ ಎಂದು ನನ್ನ ಮನಸ್ಸು ಹೇಳಿತು. ಪುಷ್ಪಲತಾ ಆಕೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಳು.

"ಇಲ್ಲ ತಂಗಿ. ನಿನ್ನ ಹಲ್ಲಿನ ಕಂದು ಕಲಿ ಹೋಗಂಗಿಲ್ಲ. ದೊಡ್ಡಾಕಿ ಆದ ಮ್ಯಾಲೆ ಡಾಕ್ಟರ ಹತ್ರ ತೋರಿಸಬೌದು, ಆದ್ರ ನೀರಿನಿಂದ ಹೋಗಂಗಿಲ್ಲ. ನಿನ್ನ ತಂಗೀದು ಉಳೀತಾವು. ಆಕಿ ಗಟ್ಟಿ ಹಲ್ಲು ಈಗ ಒಳಗ ತಯಾರಾಗಾಕ ಹತ್ತ್ಯಾವು. ಈಗ ಒಳ್ಳೆ ನೀರು ಕುಡಿದ್ರ ಅವು ಬೆಳ್ಳಗ ಬರ್ತಾವು."

ಕೋಮಲಾ ತಂಗಿಯ ಬಾಯಿಯನ್ನು ನೋಡಿದಳು. ಅಲ್ಲಿ ಇನ್ನೂ ಒಂದು ಹಾಲುಹಲ್ಲೂ ಮೂಡಿರಲಿಲ್ಲ.

"ಯಾವಾಗ ಬರ್ತಾವು ಅವು?"

"ಆರೇಳು ವರ್ಷ ಬೇಕು."

"ಅಲ್ಲಿತನ ಬರ್ತೀರೇನು ನೀವು? ನೋಡಾಕ?"

ನನ್ನ ಮಗಳು ಕೋಮಲಾಳ ಕೈ ಹಿಡಿದುಕೊಂಡು ಹಾಗೇ ಕೂತಳು. ಒಮ್ಮೆ ಬಂದು ಹೋದವರು ಮತ್ತೆ ತಿರುಗಿ ನೋಡದಿದ್ದರೆ ಏನಾಗುತ್ತದೆ ಎಂದು ಆಕೆಗೆ ಈಗ ಗೊತ್ತು, ಬರುತ್ತೇವೆ ಎಂದು ಬರೀ ಮಾತು ಕೊಡಲು ಮನಸ್ಸಾಗಲಿಲ್ಲ.

ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ನಾನು ಕರಪತ್ರ ಬರೆಯಲು ಒಪ್ಪಿಕೊಂಡದ್ದು ಈ ಒಂದು ಪ್ರಶ್ನೆಗಾಗಿ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಎಲ್ಲ ಕಡೆ ಕಾಲೇಜುಗಳಿವೆ. ಸುತ್ತ ಹಳ್ಳಿಗಳೂ ಇವೆ. ನಿಮ್ಮ ಮಗ, ಮಗಳು ಶಿಬಿರಕ್ಕೆ ಹೋಗುತ್ತೇನೆ ಎಂದರೆ ನನ್ನ ಹಾಗೆ ಗಟಾರದ ಮಾತಾಡಬೇಡಿ. ಮರಳಿ ಬಂದಾಗ ಸರ್ಟಿಫಿಕೇಟ್ ಎಲ್ಲಿ ಎಂದೂ ಕೇಳಬೇಡಿ. ಯಾರ ಹತ್ತಿರ ಮಾತಾಡಿದೆ, ಏನು ಕಲಿತೆ, ಮತ್ತೆ ಯಾವಾಗ ಹೋಗುತ್ತೀಯ ಎಂದು ಕೇಳಿ. ಕಾಲೇಜಿನ ಮಕ್ಕಳೇ, ಸಲಿಕೆ ಹಿಡಿಯುವ ಮೊದಲು ಆ ಊರಿನ ಹೆಂಗಸರ ಹತ್ತಿರ ಕೂತು ಕೇಳಿಸಿಕೊಳ್ಳಿ. ತಪ್ಪಾಗಿದ್ದರೆ ವಾಪಸು ಹೋಗಿ ಹೇಳಿ, ಯಾರೂ ನಿಮ್ಮನ್ನು ನುಂಗುವುದಿಲ್ಲ. ಹಳ್ಳಿಯ ಹಿರಿಯರೇ, ಈ ಹುಡುಗರು ಬಂದಾಗ ಹಾರ ಹಾಕಿ ಕಳಿಸಬೇಡಿ, ಜೊತೆಗೆ ಕೆಲಸಕ್ಕೆ ಇಳಿಯಿರಿ. ತಿಳಿಯದ್ದು ಹೇಳಿದರೆ, ತಿಳಿಯಲಿಲ್ಲ, ಇನ್ನೊಮ್ಮೆ ಹೇಳು ಎನ್ನಿ.

ಆ ಕೂಸಿಗೆ ಈಗ ಒಂದೂವರೆ ವರ್ಷ. ಬಾವಿಯ ನೀರು ಕುಡಿದು ಬೆಳೆಯುತ್ತಿದೆ. ಆಕೆಯ ಗಟ್ಟಿ ಹಲ್ಲು ಮೂಡಲು ಇನ್ನೂ ಐದು ವರ್ಷವಾದರೂ ಬೇಕು. ಅಲ್ಲಿಯವರೆಗೆ ಬಾವಿ ಮತ್ತೆ ಹೂಳು ತುಂಬಬಾರದು, ನೀರನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳಿಸಬೇಕು, ಪಂಚಾಯಿತಿಗೆ ಕೊಟ್ಟ ಅರ್ಜಿಯನ್ನು ಯಾರಾದರೂ ಕೇಳುತ್ತಿರಬೇಕು. ಪುಷ್ಪಲತಾಳ ಕಾಲೇಜು ಈ ವರ್ಷಕ್ಕೆ ಮುಗಿಯುತ್ತದೆ. ಮುಂದಿನ ಭಾನುವಾರಗಳಿಗೆ ಆ ಊರಿಗೆ ಹೋಗಬೇಕಾದವರು ನಿಮ್ಮ ಮನೆಯಲ್ಲಿದ್ದಾರೆ. ಕಳಿಸಿಕೊಡಿ. ಕೋಮಲಾ ದಾರಿ ನೋಡುತ್ತಿರುತ್ತಾಳೆ.